ನಗಬೇಡಿ ಅಂದಿದ್ದೆ

ಎರಡು ವರ್ಷದ ಹಿಂದಿನ ಮಾತು. ದಸರಾ ಮುಗಿದು ದೀಪಾವಳಿಗೆ ಇನ್ನೂ ಒಂದು ವಾರ ಇತ್ತು. ಕೊಟ್ಟೂರಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನೊಂದು ಸಣ್ಣ ಫೋಟೋ ಸ್ಟುಡಿಯೋ ನಡೆಸುತ್ತೇನೆ. ಮದುವೆಗೆ ಮುಂಚೆ ದಾವಣಗೆರೆಯ ಸ್ಟುಡಿಯೋ ಒಂದರಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ್ದೆ. ಕಲಿತ ಕೆಲಸ ಬಿಡಲು ಮನಸ್ಸಾಗಲಿಲ್ಲ. ತೊಟ್ಟಿಲ ಕೂಸುಗಳು, ಬಾಣಂತಿಯರು, ಗಂಡಸರ ಕ್ಯಾಮೆರಾ ಮುಂದೆ ಕೂರಲು ನಾಚುವ ಹೆಣ್ಣುಮಕ್ಕಳು ನನ್ನಲ್ಲಿಗೆ ಬರುತ್ತಾರೆ. ಊರಲ್ಲಿ ನನಗೆ ಒಳ್ಳೆಯ ಹೆಸರಿತ್ತು, ಹೆಸರಿಗಿಂತ ಒಂದು ತೂಕ ಹೆಚ್ಚೇ ಜಂಬವೂ ಇತ್ತು.

ಆ ವಾರ ನನ್ನ ಬಹಳ ದಿನದ ಆಸೆ ಈಡೇರಿತ್ತು. ಎರಡು ಸ್ಟುಡಿಯೋ ಫ್ಲ್ಯಾಶ್ ಲೈಟು, ಅವುಗಳ ಸ್ಟ್ಯಾಂಡು, ಒಂದು ಬಿಳಿ ಛತ್ರಿ, ಮುಂದೆ ಬಿಳಿ ಪರದೆ ಇರುವ ಒಂದು ದೊಡ್ಡ ಕಪ್ಪು ಬಟ್ಟೆಯ ಪೆಟ್ಟಿಗೆ ಮನೆಗೆ ಬಂದಿದ್ದವು. ಅಲ್ಲಿಯವರೆಗೆ ಕ್ಯಾಮೆರಾ ತಲೆಯ ಮೇಲಿನ ಒಂದೇ ಫ್ಲ್ಯಾಶನ್ನು ಗೋಡೆಯ ಕಡೆ ತಿರುಗಿಸಿ, ಮಾವನವರ ಹಳೆಯ ಬಿಳಿ ಪಂಚೆಯನ್ನು ಅಡ್ಡ ಕಟ್ಟಿ ಬೆಳಕನ್ನು ಮೆತ್ತಗೆ ಮಾಡಿಕೊಂಡು ಕಾಲ ತಳ್ಳಿದ್ದೆ. ಹೊಸ ಲೈಟನ್ನು ಎಲ್ಲಿ ಇಟ್ಟರೆ ಮೂಗಿನ ನೆರಳು ಎಲ್ಲಿ ಬೀಳುತ್ತದೆ, ಎಷ್ಟು ಎತ್ತರಕ್ಕೆ ಏರಿಸಿದರೆ ಕನ್ನಡಕದ ಗಾಜು ಹೊಳೆಯುವುದಿಲ್ಲ ಅಂತ ಮೂರು ದಿನ ಒಂದು ಕುಂಬಳಕಾಯಿಯನ್ನು ಸ್ಟೂಲಿನ ಮೇಲೆ ಕೂರಿಸಿ ಕಲಿತೆ. ಅತ್ತೆಯ ಕನ್ನಡಕವನ್ನೂ ಅದಕ್ಕೆ ಏರಿಸಿದ್ದೆ. ಹುಳಿಗೆ ತಂದ ಕಾಯಿಗೆ ವರ ಹುಡುಕುತ್ತಿದ್ದೀಯಾ ಅಂತ ಅತ್ತೆ ಕೇಳಿದರು. ಆದರೆ ಕುಂಬಳಕಾಯಿಗೆ ಮೂಗಿಲ್ಲ, ಕೆನ್ನೆಯಿಲ್ಲ. ನನಗೊಂದು ಮುಖ ಬೇಕಾಗಿತ್ತು.

ನಾಲ್ಕನೇ ದಿನ ಬೆಳಿಗ್ಗೆ ಚಿಗಟೇರಿ ಕಡೆಯಿಂದ ಒಬ್ಬ ಅಜ್ಜ, ಅಜ್ಜಿ ಬಂದರು. ಅಜ್ಜನ ಹೆಸರು ಹಾಲಪ್ಪ, ಅಜ್ಜಿಯ ಹೆಸರು ನೀಲಮ್ಮ. ಬ್ಯಾಂಕಿನವರು ಅಜ್ಜನ ಎರಡು ಸಣ್ಣ ಫೋಟೋ ಕೇಳಿದ್ದರಂತೆ. ಐದು ನಿಮಿಷದ ಕೆಲಸ. ಆದರೆ ಅಜ್ಜನ ಮುಖ ನೋಡಿದ್ದೇ ನನಗೆ ಆಸೆ ಹುಟ್ಟಿತು. ಬಿಸಿಲಲ್ಲಿ ಬೆಂದ ಚರ್ಮ, ಹಣೆಯ ತುಂಬ ಗೆರೆ, ಎತ್ತರದ ಮೂಗು. ಇಂಥ ಮುಖದ ಮೇಲೆ ಬೆಳಕು ಹೊಂದಿಸಲು ಬಂದರೆ ಯಾರ ಮುಖಕ್ಕಾದರೂ ಹೊಂದಿಸಬಹುದು ಅನ್ನಿಸಿತು. ಸ್ವಲ್ಪ ಹೊತ್ತು ಹಿಡಿಯುತ್ತದೆ ಅಂತ ಹೇಳಿ ಅಜ್ಜನನ್ನು ಸ್ಟೂಲಿನ ಮೇಲೆ ಕೂರಿಸಿದೆ.

ರುಮಾಲು ತೆಗೆಯಿರಿ ಅಂದೆ. ಅಜ್ಜ ಅಜ್ಜಿಯ ಮುಖ ನೋಡಿದರು. ಪರಸ್ಥಳದಲ್ಲಿ ರುಮಾಲು ತೆಗೆದು ಅವರಿಗೆ ರೂಢಿಯಿಲ್ಲ ಅಂತ ಅಜ್ಜಿ ಮೆಲ್ಲಗೆ ಹೇಳಿದರು. ಬ್ಯಾಂಕಿಗೆ ತಲೆ ಕಾಣಬೇಕು ಅಂತ ನಾನು ಹೇಳಿದೆ. ನಿಜ ಹೇಳಬೇಕೆಂದರೆ ಬ್ಯಾಂಕಿನವರು ಏನು ಕೇಳುತ್ತಾರೋ ನನಗೆ ಗೊತ್ತಿರಲಿಲ್ಲ. ಬೋಳುತಲೆಯ ಮೇಲೆ ಫ್ಲ್ಯಾಶ್ ಹೊಳೆಯದ ಹಾಗೆ ಮಾಡುವುದು ಹೇಗೆ ಅಂತ ನನಗೆ ಕಲಿಯಬೇಕಾಗಿತ್ತು. ಅಜ್ಜ ರುಮಾಲು ಬಿಚ್ಚಿ ಮಡಿಚಿ ತೊಡೆಯ ಮೇಲೆ ಇಟ್ಟುಕೊಂಡು ಅದರ ಮೇಲೆ ಎರಡೂ ಕೈ ಊರಿದರು.

ಸುಮಾರು ಒಂದು ತಾಸು ಕೂರಿಸಿದೆ. ಪೆಟ್ಟಿಗೆಯ ಲೈಟನ್ನು ಎಡಕ್ಕೆ ಇಟ್ಟು ತೆಗೆದೆ, ಬಲಕ್ಕೆ ಇಟ್ಟು ತೆಗೆದೆ. ಛತ್ರಿ ಹಿಂದೆ ಸರಿಸಿದೆ. ನೆರಳಾದ ಕೆನ್ನೆಗೆ ಬೆಳಕು ಮರಳಿಸಲು ಥರ್ಮಾಕೋಲ್ ಹಲಗೆಯನ್ನು ಅಜ್ಜಿಯ ಕೈಗೆ ಕೊಟ್ಟು ನಿಲ್ಲಿಸಿದೆ. ಅವರು ಅದನ್ನು ಮೊರ ಹಿಡಿದ ಹಾಗೆ ಹಿಡಿದುಕೊಂಡರು. ಅಜ್ಜನಿಗೆ ಇದೆಲ್ಲ ತಮಾಷೆಯಾಗಿ ಕಂಡಿತು.

"ಮಳಿ ಬಂದ್ರ ನಾವು ಗೋಣಿಚೀಲ ಹೊದ್ಕೊಂಡು ಹೋಗೋ ಮಂದಿ. ಈ ತಾಯಿ ನೋಡು, ಬಿಸಿಲಾಗ, ಅದೂ ಮನಿಯೊಳಗ ಛತ್ರಿ ಬಿಚ್ಚ್ಯಾಳ" ಅಂದರು ಅಜ್ಜಿಗೆ. ಅಜ್ಜಿ ನಕ್ಕರು, ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅತ್ತೆ ನಕ್ಕರು. ಎಲ್ಲರೂ ನಕ್ಕಿದ್ದು ನೋಡಿ ಅಜ್ಜ ಮತ್ತೂ ಜೋರಾಗಿ ನಕ್ಕರು. ಆಮೇಲೆ ಪ್ರತಿಸಲ ಫ್ಲ್ಯಾಶ್ ಹೊಡೆದಾಗಲೂ ಅವರಿಗೆ ನಗು ಬರತೊಡಗಿತು. ನನ್ನ ಕಣ್ಣು ಮಾತ್ರ ಕ್ಯಾಮೆರಾದ ಪರದೆಯ ಮೇಲಿತ್ತು. ತಲೆಯ ಹೊಳಪು ಹೋಯಿತೇ, ಮೂಗಿನ ನೆರಳು ತುಟಿಗೆ ಮುಟ್ಟಿತೇ, ಅಷ್ಟೇ.

ಕೊನೆಗೆ ಬೆಳಕು ನನ್ನ ಮನಸ್ಸಿಗೆ ಬಂದ ಹಾಗೆ ಕೂತಿತು. ಅಷ್ಟರಲ್ಲಿ ಅತ್ತೆ ಅಜ್ಜಿಯನ್ನು ಚಹಾಕ್ಕೆ ಒಳಗೆ ಕರೆದುಕೊಂಡು ಹೋಗಿದ್ದರು. ಇನ್ನು ಬ್ಯಾಂಕಿನ ಫೋಟೋ ತೆಗೆಯೋಣ ಅಂದರೆ ಅಜ್ಜನ ನಗು ನಿಲ್ಲುತ್ತಿಲ್ಲ. ಎರಡು ಸಲ ನಯವಾಗಿ ಹೇಳಿದೆ. ಮೂರನೇ ಸಲ ನನ್ನ ದನಿ ಏರಿತು.

"ನಗಬ್ಯಾಡ್ರಿ ಅಜ್ಜಾರ. ಬಾಯಿ ಮುಚ್ರಿ. ಎಷ್ಟು ಸಲ ಹೇಳ್ಬೇಕು ನಿಮಗ?"

ಅಜ್ಜ ತಟ್ಟನೆ ಬಾಯಿ ಮುಚ್ಚಿದರು. ನಾನು ಫೋಟೋ ತೆಗೆದೆ, ಪ್ರಿಂಟ್ ಹಾಕಿ ಕೊಟ್ಟೆ. ಅವರು ರುಮಾಲು ಸುತ್ತಿಕೊಂಡು ಅಜ್ಜಿಯ ಜೊತೆ ಬಸ್ಸಿಗೆ ಹೋದರು. ಸಂಜೆ ಕೂತು ಲೈಟುಗಳು ಎಲ್ಲೆಲ್ಲಿ ಇದ್ದವು ಅಂತ ಒಂದು ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದಿಟ್ಟುಕೊಂಡೆ. ಬ್ಯಾಂಕಿನ ಫೋಟೋ ಒಂದನ್ನು ಕಂಪ್ಯೂಟರಿಗೆ ಹಾಕಿ, ಉಳಿದ ಎಪ್ಪತ್ತು ಎಂಬತ್ತು ಫೋಟೋಗಳನ್ನು ಅಳಿಸಿಹಾಕಿದೆ. ಮರುದಿನ ಒಂದು ಕೂಸಿನ ಹುಟ್ಟುಹಬ್ಬ ಇತ್ತು, ಕ್ಯಾಮೆರಾದ ಕಾರ್ಡ್ ಖಾಲಿ ಬೇಕಾಗಿತ್ತು.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ನೀಲಮ್ಮಜ್ಜಿ ಒಬ್ಬರೇ ಬಂದರು. ಹಣೆ ಬರಿದಾಗಿತ್ತು. ನನಗೆ ಮೊದಲು ಗುರುತು ಸಿಗಲಿಲ್ಲ, ಅತ್ತೆಗೆ ಸಿಕ್ಕಿತು. ಅತ್ತೆ ಅವರ ಕೈ ಹಿಡಿದು ಒಳಗೆ ಕೂರಿಸಿದರು. ಅಜ್ಜ ಹೊಲದಿಂದ ಬಂದವರು ಎದೆ ನೋವು ಅಂತ ಮಲಗಿದರಂತೆ, ಏಳಲಿಲ್ಲವಂತೆ. ಅಜ್ಜಿ ಅದನ್ನು ಹೇಳಿ ಮುಗಿಸಿ ನನ್ನ ಕಡೆ ತಿರುಗಿದರು. ಮಗನ ಫೋನಿನಲ್ಲಿ ಅಜ್ಜನ ಎರಡು ಫೋಟೋ ಇವೆಯಂತೆ, ದೂರದವು, ರುಮಾಲು ಕಾಣುತ್ತದೆ, ಮುಖ ಕಾಣುವುದಿಲ್ಲ. ಮಣ್ಣಿಗಿಡುವ ಮುಂಚೆ ಕೂರಿಸಿ ತೆಗೆದವೂ ಇವೆ, ಅವನ್ನು ನೋಡಲು ಆಗುವುದಿಲ್ಲ. ಉಳಿದದ್ದು ನಾನು ತೆಗೆದ ಬ್ಯಾಂಕಿನ ಫೋಟೋ.

"ಅದರಾಗ ನನ್ನ ಮ್ಯಾಲೆ ಸಿಟ್ಟಾದಂಗ ಕಾಣ್ತಾರವ್ವ. ಅವ್ರು ನನ್ನ ಮ್ಯಾಲೆ ಯಾವತ್ತೂ ಸಿಟ್ಟಾದವ್ರಲ್ಲ. ಅವತ್ತು ನಕ್ಕೋತ ಕುಂತಾಗ ನೀನು ಬಾಳ ತೆಗದಿಯಲ್ಲ, ಅದರಾಗಿಂದು ಒಂದು ಕೊಡು. ಗ್ವಾಡಿಗೆ ಹಾಕ್ತೀನಿ."

ಆ ಕ್ಷಣವೇ ನಿಜ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಕಂಪ್ಯೂಟರಿನಲ್ಲಿ ಎಲ್ಲೋ ಇರುತ್ತದೆ, ಹುಡುಕಿ ಇಡುತ್ತೇನೆ, ಮುಂದಿನ ವಾರ ಬನ್ನಿ ಅಂದುಬಿಟ್ಟೆ. ಅಜ್ಜಿಯ ಮುಖ ಅರಳಿತು. ಅಳಿಸಿದ್ದನ್ನು ಮರಳಿ ಪಡೆಯಬಹುದು ಅಂತ ಕೇಳಿದ್ದೆ, ನನಗೂ ಸ್ವಲ್ಪ ಆಸೆ ಇತ್ತು. ಆದರೆ ಅದೇ ಕಾರ್ಡಿನ ಮೇಲೆ ಆ ಮೂರು ತಿಂಗಳಲ್ಲಿ ಎಷ್ಟು ಕೂಸು, ಎಷ್ಟು ಸೀಮಂತ ತೆಗೆದಿದ್ದೆನೋ. ಒಂದೂ ಸಿಗಲಿಲ್ಲ. ಮುಂದಿನ ವಾರ ಅಜ್ಜಿ ಬಂದಾಗ ಕಂಪ್ಯೂಟರ್ ರಿಪೇರಿಗೆ ಹೋಗಿದೆ ಅಂದೆ. ಕಂಪ್ಯೂಟರ್ ಒಳಗಿನ ಕೋಣೆಯಲ್ಲಿ ಬಟ್ಟೆ ಹೊದ್ದುಕೊಂಡು ಕೂತಿತ್ತು. ಅತ್ತೆಗೆ ಅದು ಗೊತ್ತಿತ್ತು. ಆವತ್ತು ಊಟಕ್ಕೆ ಬಡಿಸುವಾಗ ಅವರು ನನ್ನ ಮುಖ ನೋಡಲಿಲ್ಲ.

ಆಮೇಲೆ ನನಗೊಂದು ಉಪಾಯ ಹೊಳೆಯಿತು. ನಗದವರನ್ನೂ ನಗಿಸಿ ಕೊಡುವ ಆ್ಯಪುಗಳು ಈಗ ಫೋನಿನಲ್ಲೇ ಸಿಗುತ್ತವೆ. ಬ್ಯಾಂಕಿನ ಫೋಟೋವನ್ನು ಅದಕ್ಕೆ ಹಾಕಿದೆ. ಕಣ್ಣು ಮುಚ್ಚಿ ತೆರೆಯುವುದರಲ್ಲಿ ಹಾಲಪ್ಪಜ್ಜ ನನ್ನ ಮುಂದೆ ನಗುತ್ತಿದ್ದರು. ಕೆನ್ನೆ ಮೇಲೆದ್ದಿತ್ತು, ಕಣ್ಣಿನ ಪಕ್ಕ ಗೆರೆ ಮೂಡಿತ್ತು. ತಲೆಗೆ ರುಮಾಲನ್ನೂ ಸುತ್ತಿಸಿದೆ. ಎಡಗಡೆಯಿಂದ ಬೀಳುತ್ತಿದ್ದ ಬೆಳಕು ಹಾಗೇ ಉಳಿದಿದ್ದು ನೋಡಿ ನನ್ನ ಕೆಲಸವನ್ನು ನಾನೇ ಮೆಚ್ಚಿಕೊಂಡೆ. ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಬಂಗಾರದ ಬಣ್ಣದ ಕಟ್ಟು ಹಾಕಿಸಿ ಇಟ್ಟೆ. ಒಂದು ಸುಳ್ಳಿನಿಂದ ಒಬ್ಬ ಮುದುಕಿಗೆ ಸಮಾಧಾನ ಆಗುವುದಾದರೆ ತಪ್ಪೇನು ಅಂತ ನನಗೆ ನಾನೇ ಹೇಳಿಕೊಂಡೆ.

ಅಜ್ಜಿ ಬಂದರು. ಫೋಟೋವನ್ನು ತೊಡೆಯ ಮೇಲೆ ಇಟ್ಟುಕೊಂಡರು. ಸೆರಗಿನಿಂದ ಗಾಜು ಒರೆಸಿದರು. ನೋಡಿದರು, ಮತ್ತೆ ಒರೆಸಿ ನೋಡಿದರು. ಅಳುತ್ತಾರೆ ಅಂದುಕೊಂಡು ನಾನು ನೀರು ತರಲು ಎದ್ದೆ.

"ಇವು ಯಾರ ಹಲ್ಲವ್ವ?" ಅಂದರು.

ನನಗೆ ಅರ್ಥವಾಗಲಿಲ್ಲ. ಅಡುಗೆಮನೆಯಿಂದ ಬಂದ ಅತ್ತೆ ಬಗ್ಗಿ ನೋಡಿದರು. "ಅಜ್ಜಾರಿಗೆ ಮುಂದಿನ ಎರಡು ಹಲ್ಲು ಇರಲಿಲ್ಲ" ಅಂತ ನನಗೆ ಹೇಳಿದರು. ಆವತ್ತು ಒಂದೆರಡು ನಿಮಿಷ ಬಾಗಿಲಲ್ಲಿ ನಿಂತವರಿಗೆ ಅದು ನೆನಪಿತ್ತು.

ಅಜ್ಜಿ ಹೇಳಿದರು. ಅವರು ಮದುವೆಯಾಗಿ ಬಂದ ವರ್ಷವೇ, ಎತ್ತಿಗೆ ಮೇವು ಹಾಕಲು ಬಗ್ಗಿದಾಗ ಅದು ತಲೆ ಎತ್ತಿ ಅಜ್ಜನ ಎರಡು ಹಲ್ಲು ಹೋಗಿದ್ದವಂತೆ. ಅಂದಿನಿಂದ ಅಜ್ಜ ನಕ್ಕರೆ ಆ ಸಂದಿಯಲ್ಲಿ ನಾಲಿಗೆ ತುದಿ ಕಾಣುತ್ತಿತ್ತಂತೆ. ಹಲ್ಲಿದ್ದಾಗಿನ ಮುಖ ಅಜ್ಜಿಗೆ ನೆನಪೇ ಇಲ್ಲವಂತೆ. ನನ್ನ ಫೋಟೋದಲ್ಲಿ ಅಜ್ಜನ ಬಾಯಿ ತುಂಬ ಬೆಳ್ಳಗಿನ, ಒಂದೇ ಅಳತೆಯ ಹಲ್ಲಿದ್ದವು.

ಅವರು ಫೋಟೋವನ್ನು ನಿಧಾನವಾಗಿ ಮಗುಚಿ ಚಾಪೆಯ ಮೇಲೆ ಇಟ್ಟರು. ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕು ಅನ್ನುವ ಹಾಗೆ ಕೇಳಿದರು.

"ಅಷ್ಟೊತ್ತು ಎದುರಿಗೆ ಕುಂದ್ರಿಸ್ಕೊಂಡಿದ್ದಿ. ಒಂದ್ಸಲನಾರ ಅವ್ರ ಮುಖ ನೋಡ್ಲಿಲ್ಲೇನವ್ವ?"

ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು. ಒಂದು ತಾಸು ನೋಡಿದ್ದೆ, ಕುಂಬಳಕಾಯಿಯನ್ನು ನೋಡಿದ ಹಾಗೆ ನೋಡಿದ್ದೆ. ಅವರ ತಲೆಯ ಹೊಳಪು ಎಷ್ಟಿತ್ತು ಅಂತ ಈಗಲೂ ಹೇಳಬಲ್ಲೆ, ಲೈಟು ಎಷ್ಟು ದೂರ ಇತ್ತು ಅಂತ ನೋಟ್‌ಬುಕ್ಕಿನಲ್ಲಿದೆ. ಬಾಯಿ ಮುಚ್ಚಿ ಅಂತ ಹೇಳಿದವಳೇ ನಾನು, ಆ ಬಾಯಲ್ಲಿ ಏನಿರಲಿಲ್ಲ ಅನ್ನುವುದು ನನಗೆ ಗೊತ್ತಿರಲಿಲ್ಲ. ಆಗ ನಿಜ ಹೇಳಿದೆ. ಫೋಟೋ ಅಳಿಸಿದ್ದು, ಕಂಪ್ಯೂಟರಿನ ಸುಳ್ಳು, ಈ ನಗು ಎಲ್ಲಿಂದ ಬಂತು ಅನ್ನುವುದು. ಹೇಳುತ್ತಾ ಅತ್ತುಬಿಟ್ಟೆ. ಅಳಬೇಕಾದವರು ಅವರು, ಅತ್ತವಳು ನಾನು. ಅದಕ್ಕೂ ನಾಚಿಕೆಯಾಯಿತು.

ಅಜ್ಜಿ ಸೆರಗು ಸರಿಮಾಡಿಕೊಂಡು ಎದ್ದರು.

"ಆ ಬ್ಯಾಂಕಿಂದನ ದೊಡ್ಡದು ಮಾಡಿ ಕೊಡು. ಸಿಟ್ಟಾಗಿದ್ರೂ ಅವ್ರದ ಮುಖ."

ಆ ವಾರ ಅದನ್ನು ದೊಡ್ಡದು ಮಾಡಲು ಕಂಪ್ಯೂಟರ್ ಮುಂದೆ ಕೂತೆ. ಹಾಲಪ್ಪಜ್ಜನ ಮುಖವನ್ನು ನಾನು ಮೊದಲ ಸಲ ನೋಡಿದ್ದು ಆವತ್ತು. ತುಟಿ ಬಿಗಿಯಾಗಿತ್ತು, ಹುಬ್ಬು ಗಂಟಾಗಿತ್ತು. ಸಣ್ಣ ಫೋಟೋದಲ್ಲಿ ಅದು ಯಾರಿಗಾದರೂ ಸಿಟ್ಟಿನ ಹಾಗೇ ಕಾಣುತ್ತದೆ. ಆದರೆ ದೊಡ್ಡದಾದಾಗ ಕಣ್ಣು ಕಂಡಿತು. ಆ ಕಣ್ಣು ಕ್ಯಾಮೆರಾವನ್ನು ನೋಡುತ್ತಿರಲಿಲ್ಲ, ಅದರ ಮೇಲೆ ಇದ್ದ ನನ್ನನ್ನು ನೋಡುತ್ತಿತ್ತು. ಅದು ಸಿಟ್ಟಲ್ಲ. ಮೊಮ್ಮಗಳ ವಯಸ್ಸಿನವಳೊಬ್ಬಳು ಗದರಿದ್ದಕ್ಕೆ ಪೆಚ್ಚಾಗಿ, ಬಿಚ್ಚಿಟ್ಟ ರುಮಾಲನ್ನು ಗಟ್ಟಿಯಾಗಿ ಹಿಡಿದು ಕೂತ ಮುದುಕನ ಮುಖ ಅದು.

ಅಜ್ಜಿ ಫೋಟೋ ಒಯ್ಯಲು ಬಂದ ದಿನ ನಾನು ಮನೆಯಲ್ಲೇ ಇದ್ದೆ. ದನಿ ಕೇಳಿದ ಕೂಡಲೇ ಹಿತ್ತಲಿಗೆ ಹೋಗಿ ನಿಂತೆ. ಹಗರಿಬೊಮ್ಮನಹಳ್ಳಿಗೆ ಒಂದು ಮದುವೆಗೆ ಹೋಗಿದ್ದಾಳೆ ಅಂತ ಹೇಳಿ ಅಂತ ಅತ್ತೆಗೆ ಮುಂಚೆಯೇ ಹೇಳಿದ್ದೆ. ಅತ್ತೆ ಹಾಗೆ ಹೇಳಲಿಲ್ಲ, ಒಳಗೆ ಕೆಲಸದಲ್ಲಿದ್ದಾಳೆ ಅಂದರು. ಅಜ್ಜಿ ಕರೆಯಲಿಲ್ಲ. ಫೋಟೋ ನೋಡಿ, ನಾನೇನು ತಪ್ಪು ಮಾಡಿದ್ದೆನೋ, ಹಿಂಗ್ಯಾಕ ಸಿಟ್ಟಾಗ್ಯಾರೋ ಅಂತ ತಮ್ಮಷ್ಟಕ್ಕೆ ಅಂದುಕೊಂಡು ಸೆರಗಿನಲ್ಲಿ ಸುತ್ತಿಕೊಂಡು ಹೋದರಂತೆ. ಅದನ್ನು ನನಗೆ ಅತ್ತೆ ಹೇಳಿದರು. ನಾನು ಗದರಿದ್ದು ಅತ್ತೆಗೂ ಗೊತ್ತಿಲ್ಲ. ಆಗ ಇಬ್ಬರೂ ಚಹಾಕ್ಕೆ ಒಳಗಿದ್ದರಲ್ಲ.

ಈಗ ಯಾರೇ ಬಂದರೂ ಲೈಟು ಹಚ್ಚುವ ಮುಂಚೆ ಎದುರಿಗೆ ಕೂತು ಸ್ವಲ್ಪ ಮಾತಾಡಿಸುತ್ತೇನೆ. ನಕ್ಕರೆ ಹೇಗೆ ಕಾಣುತ್ತಾರೆ ಅಂತ ನೋಡುತ್ತೇನೆ. ಒಂದು ಫೋಟೋವನ್ನೂ ಅಳಿಸುವುದಿಲ್ಲ. ಇದನ್ನು ನೋಡಿ ಗಿರಾಕಿಗಳು ನನ್ನನ್ನು ಬಹಳ ಒಳ್ಳೆಯವಳು ಅನ್ನುತ್ತಾರೆ. ಹಾಗೆ ಅಂದಾಗಲೆಲ್ಲ ಮೈ ಹಿಡಿಯಾಗುತ್ತದೆ.

ನೀಲಮ್ಮಜ್ಜಿಯ ಮನೆಯ ಗೋಡೆಯ ಮೇಲೆ ಆ ಫೋಟೋ ಇದೆ. ದಿನಾ ಬೆಳಿಗ್ಗೆ ಅದಕ್ಕೆ ವಿಭೂತಿ ಹಚ್ಚುವಾಗ, ಗಂಡ ಯಾಕೆ ಸಿಟ್ಟಾಗಿದ್ದಾನೆ ಅಂತ ಅವರು ಯೋಚಿಸುತ್ತಿರಬಹುದು. ಅದಕ್ಕೆ ಉತ್ತರ ಗೊತ್ತಿರುವವಳು ನಾನೊಬ್ಬಳೇ. ಚಿಗಟೇರಿ ಕಡೆ ಹೋಗುವ ಬಸ್ಸು ದಿನಾ ಸಿಗುತ್ತದೆ. ಹೋಗಿ ಹೇಳಬೇಕಾದದ್ದೂ ಹೆಚ್ಚೇನಿಲ್ಲ: ಅಜ್ಜ ನಿಮ್ಮ ಮೇಲೆ ಸಿಟ್ಟಾಗಿರಲಿಲ್ಲ, ನಾನು ಅವರನ್ನು ಗದರಿದ್ದೆ. ಎರಡು ವರ್ಷವಾಯಿತು, ಆ ಮಾತು ಹೇಳಲು ನನಗೆ ಇನ್ನೂ ಬಾಯಿ ಬಂದಿಲ್ಲ.