ಸೈರನ್ ಬೇಡ ಎಂದವಳು ನಾನು

ಲಿಲ್ಲಿ, ಆ ದಿನ ನಮ್ಮ ಮನೆಯ ಫೋನ್ ಡೆಡ್ ಆಗಿರಲಿಲ್ಲ. ನಿನ್ನ ಮನೆಯ ಅಲಾರಂ ನನ್ನನ್ನು ಕರೆಯಿತು, ನಾನು ರಿಸೀವರ್ ಎತ್ತಿದೆ, ಪೂರ್ತಿ ಕೇಳಿಸಿಕೊಂಡೆ — ಬರಲಿಲ್ಲ. ಇಷ್ಟು ವರ್ಷ ನಿನಗೆ ಹೇಳಿಕೊಂಡು ಬಂದದ್ದು ಸುಳ್ಳು.

ನನಗೆ ನಿನ್ನನ್ನು ಕಂಡರೆ ಹೊಟ್ಟೆಕಿಚ್ಚು. ಶಾಲೆಯಲ್ಲಿ ನನ್ನ ಲೆಕ್ಕವನ್ನು ಇಣುಕಿ ನೋಡಿ ಪಾಸಾದವಳು ನೀನು. ಕ್ಲಾಸಿಗೇ ಮೊದಲು ಬಂದ ನಾನು ಶಿರ್ವದಲ್ಲೇ ಟೀಚರಾಗಿ, ಸೋರುವ ಹಂಚಿನ ಮನೆಯಲ್ಲಿ ಉಳಿದೆ. ನಿನ್ನ ಗಂಡ ಕುವೈತಿನಲ್ಲಿ ದುಡಿದ ಹಾಗೆಲ್ಲ ಗದ್ದೆಯ ಆಚೆ ನಿನ್ನ ಮನೆ ಮೇಲೇಳುತ್ತ ಹೋಯಿತು. ಬೆಳಿಗ್ಗೆ ಹಲ್ಲುಜ್ಜಲು ಹೊರಗೆ ಬಂದರೆ ಎದುರಿಗೆ ಅದೇ — ಬಾಲ್ಕನಿ, ಬಣ್ಣದ ಗಾಜು, ಗೇಟಿನ ಮೇಲೆ ಎರಡು ಸಿಮೆಂಟಿನ ಸಿಂಹ. ಆ ಸಿಂಹಗಳನ್ನು ನಮ್ಮವರಿಗೆ ತೋರಿಸಿ ನಗಿಸುತ್ತಿದ್ದೆ. ಅವರು ನಕ್ಕು ಮರೆಯುತ್ತಿದ್ದರು, ನನಗೆ ಮರೆಯಲು ಆಗುತ್ತಿರಲಿಲ್ಲ.

ಊರಿನ ಒಂದೆರಡು ಗಲ್ಫ್ ಮನೆಗಳಿಗೆ ಕಳ್ಳರು ನುಗ್ಗಿದ ಮೇಲೆ ನಿನ್ನ ಗಂಡ ಅಲಾರಂ ಹಾಕಿಸು ಎಂದ. ಅಷ್ಟು ದೊಡ್ಡ ಮನೆಯಲ್ಲಿ ಇದ್ದದ್ದು ನೀನು ಮತ್ತು ನಿನ್ನ ಅತ್ತೆ — ನಮ್ಮೆಲ್ಲರ ಬಾಯಲ್ಲೂ ಮಾಂಯ್ — ಇಬ್ಬರೇ. ಜೆಸಿಂತಾ ಓದಿದವಳು, ಅವಳಿಗೆ ತಿಳಿಯುತ್ತದೆ ಎಂದು ನನ್ನನ್ನು ಮಣಿಪಾಲದ ಅಂಗಡಿಗೆ ಕರೆದುಕೊಂಡು ಹೋದೆ. ಅವರು ಎರಡು ಬಗೆ ತೋರಿಸಿದರು. ಒಂದು ತಾರಸಿಯ ಮೇಲೆ ಕುಳಿತು ಊರಿಗೆಲ್ಲ ಕೇಳುವಂತೆ ಕೂಗುವ ಸೈರನ್. ಇನ್ನೊಂದು ಸದ್ದಿಲ್ಲದೆ ಒಂದು ನಂಬರಿಗೆ ಫೋನ್ ಮಾಡಿ, ಮೊದಲೇ ರೆಕಾರ್ಡ್ ಮಾಡಿಟ್ಟ ಮಾತು ಕೇಳಿಸುವುದು. ನಿನ್ನ ಮನಸ್ಸು ಸೈರನ್ನಿನ ಮೇಲೆಯೇ ಇತ್ತು.

ಅಂಗಡಿಯವರಿಗೂ ಕೇಳಲಿ ಎಂದು ಕನ್ನಡದಲ್ಲೇ ಹೇಳಿದೆ, "ಸೈರನ್ ಎಂತಕ್ಕೆ ಮಾರಾಯ್ತಿ? ಆ ಶಬ್ದಕ್ಕೆ ಮಾಂಯ್ ಹೆದರಿ ಸಾಯ್ತಾರೆ. ಫೋನಿನದ್ದೇ ಸಾಕು. ನನ್ನ ನಂಬರ್ ಕೊಡು. ನಾನಿದ್ದೇನೆ ಅಲ್ವಾ, ಓಡಿ ಬರ್ತೇನೆ."

ಮಾಂಯ್ ಮೇಲಿನ ಕಾಳಜಿ ಎಂದುಕೊಂಡು ನೀನು ನನ್ನ ಕೈ ಹಿಡಿದುಕೊಂಡೆ. ಕಾಳಜಿ ಅಲ್ಲ, ಲಿಲ್ಲಿ. ನಿನ್ನ ಮನೆಯಲ್ಲಿ ಕದಿಯುವಂಥದ್ದು ಉಂಟು ಎಂದು ಇಡೀ ಶಿರ್ವಕ್ಕೆ ಸಾರುವ ಯಂತ್ರ — ಅದನ್ನು ಕೇಳಿಕೊಂಡು ಗದ್ದೆಯ ಈಚೆ ಕೂತು ನಾನು ಗಂಜಿ ಉಣ್ಣಬೇಕಲ್ಲ. ಅದು ನನ್ನಿಂದ ಆಗುತ್ತಿರಲಿಲ್ಲ.

ನಾವಿಬ್ಬರೂ ಆಡುವುದು ಕೊಂಕಣಿ. ಆದರೆ ರೆಕಾರ್ಡ್ ಮಾಡಬೇಕು ಎಂದ ಕೂಡಲೇ ನೀನು ಸೆರಗು ಸರಿಮಾಡಿಕೊಂಡು, ಶಾಲಾ ವಾರ್ಷಿಕೋತ್ಸವದ ಸ್ವಾಗತ ಭಾಷಣದ ಹಾಗೆ ಕನ್ನಡದಲ್ಲಿ ಶುರು ಮಾಡಿದೆ. "ಜೆಸಿಂತಾ, ನಾನು ಲಿಲ್ಲಿ. ದಯವಿಟ್ಟು ನಮ್ಮ ಮನೆಗೆ ಬನ್ನಿ." ಏನಾಗಿದೆ ಎಂದೂ ಹೇಳಬೇಕಲ್ಲ ಎಂದರು ಅಂಗಡಿಯವರು. ಅವಳಿಗೆ ಅಷ್ಟು ಸಾಕು ಎಂದೆ ನೀನು. ಹುಟ್ಟಿದಾರಭ್ಯ ಏಕವಚನದ ಗೆಳತಿಯನ್ನು ಬನ್ನಿ ಎಂದದ್ದಕ್ಕೆ ಬಸ್ಸಿನಲ್ಲಿ ಊರು ತಲುಪುವವರೆಗೂ ನಕ್ಕೆವು. ಆ ನಗು ನನ್ನದೂ ನಿಜವಾದದ್ದೇ.

ಯಂತ್ರದ ಜೊತೆ ಒಂದು ಸಣ್ಣ ಬಟನ್ ಬಂದಿತ್ತು. ಅದನ್ನು ಒತ್ತಿದರೂ ನನಗೆ ಫೋನ್ ಬರುತ್ತಿತ್ತು. ಅದನ್ನು ನೀನು ಮಾಂಯ್ ಕೊರಳಿನ ಜಪಸರಕ್ಕೆ ಪೋಣಿಸಿದೆ. ಮೊದಮೊದಲು ಬೆಕ್ಕು ಓಡಿದರೂ ಪರದೆ ಅಲುಗಿದರೂ ಫೋನ್ ಬರುತ್ತಿತ್ತು, ನಾನು ಗದ್ದೆಯ ಬದುವಿನಲ್ಲಿ ಓಡಿ ಬರುತ್ತಿದ್ದೆ. ನೀನು ಚಹಾ ಕೊಟ್ಟು, ಹೊಸದಾಗಿ ಬಂದದ್ದನ್ನೆಲ್ಲ ತೋರಿಸುತ್ತಿದ್ದೆ.

ಆ ದಿನ ನೀನು ಕಾಪುವಿಗೆ ಮದುವೆಗೆಂದು ಹೊರಟವಳು ನಮ್ಮ ಅಂಗಳದಲ್ಲಿ ನಿಂತು, ವೀಸಾ ಬಂತು, ಮುಂದಿನ ತಿಂಗಳು ನಾನೂ ಕುವೈತಿಗೆ ಎಂದೆ. ಮಾಂಯ್ ಕಾರ್ಕಳದ ಮಗಳ ಮನೆಯಲ್ಲಿ ಇರುತ್ತಾರಂತೆ. ಇವತ್ತು ಒಬ್ಬರೇ ಇದ್ದಾರೆ, ಸ್ವಲ್ಪ ನೋಡಿಕೊ ಎಂದೆ. ನಾನು ನಕ್ಕು ತಲೆಯಾಡಿಸಿದೆ. ಒಳಗೆ ಬಂದು ಅನ್ನ ಬಡಿಸಿಕೊಂಡೆ, ಒಂದು ತುತ್ತೂ ಸೇರಲಿಲ್ಲ.

ಮಧ್ಯಾಹ್ನ ಫೋನ್ ಬಂತು. ದಯವಿಟ್ಟು ನಮ್ಮ ಮನೆಗೆ ಬನ್ನಿ. ಬೆಕ್ಕು ಎಂದುಕೊಂಡೆ ಎನ್ನಬಹುದು — ಅದೂ ಸುಳ್ಳಾಗುತ್ತದೆ. ಬೆಕ್ಕೋ ಕಳ್ಳನೋ ಮಾಂಯೋ ಎಂದು ನಾನು ಯೋಚಿಸಲೇ ಇಲ್ಲ. ಆ ದನಿ ನಿನ್ನದು, ಅಷ್ಟೇ ಸಾಕಾಗಿತ್ತು. ಯಂತ್ರಕ್ಕೆ ಕೇಳುವುದಿಲ್ಲ ಎಂದು ಗೊತ್ತಿದ್ದೂ ಉತ್ತರ ಕೊಟ್ಟೆ, ಬಾಯಿಬಿಟ್ಟು, ನಮ್ಮ ಕೊಂಕಣಿಯಲ್ಲೇ: "ಬರುವುದಿಲ್ಲ. ನಿನ್ನ ಮನೆಯನ್ನು ನೀನೇ ನೋಡಿಕೋ." ಮತ್ತೆ ಕರೆಯದಿರಲಿ ಎಂದು ರಿಸೀವರನ್ನು ಫೋನಿನ ಮೇಲಿಡದೆ ಪಕ್ಕಕ್ಕೆ ತೆಗೆದಿಟ್ಟು ಮಲಗಿದೆ.

ಮಾಂಯ್ ಬಚ್ಚಲಿನಲ್ಲಿ ಸೊಂಟ ಮುರಿದುಕೊಂಡು, ಬಟನ್ ಒತ್ತುತ್ತ, ನೀನು ಬರುವ ಮುಸ್ಸಂಜೆಯವರೆಗೂ ಒದ್ದೆ ನೆಲದಲ್ಲೇ ಬಿದ್ದಿದ್ದರು. ಫೋನ್ ಡೆಡ್ ಆಗಿತ್ತು ಎಂದೆ ನಾನು. ಮಳೆಗಾಲದಲ್ಲಿ ಆ ಮಾತನ್ನು ಯಾರು ಅನುಮಾನಿಸುತ್ತಾರೆ? ಮಾಂಯ್ ಆಮೇಲೆ ಎದ್ದು ನಡೆಯಲಿಲ್ಲ. ಕಾರ್ಕಳದ ಮಗಳು ಕೈಚೆಲ್ಲಿದಳು. ನೀನು ಉಳಿದೆ, ವೀಸಾದ ಅವಧಿ ಮುಗಿಯಿತು, ಮಾಂಯ್ ತೀರಿಕೊಳ್ಳುವವರೆಗೂ ನೀನೇ ಎತ್ತಿ ಮಲಗಿಸಿದೆ. ನೀನು ಹೋಗುವುದಿಲ್ಲ ಎಂದು ಗೊತ್ತಾದ ದಿನ ನನಗೆ — ಇದನ್ನೂ ಹೇಳಿಬಿಡುತ್ತೇನೆ — ಸಮಾಧಾನವಾಗಿತ್ತು. ಅನ್ನ ರುಚಿಸಿತ್ತು.

ಮೊನ್ನೆ ನೀನು ಬಂದು, ಹಳೆಯ ಯಂತ್ರ ಕೆಟ್ಟಿದೆ, ಹೊಸದನ್ನು ಆರಿಸಲು ಮಣಿಪಾಲಕ್ಕೆ ಬಾ ಎಂದೆ. ಈಗ ಮೊಬೈಲ್ ಉಂಟಲ್ಲ, ಡೆಡ್ ಆಗುವ ರಗಳೆ ಇಲ್ಲ, ನಿನ್ನ ನಂಬರೇ ಕೊಡ್ತೇನೆ ಎಂದು ನಕ್ಕೆ.

ನನ್ನ ನಂಬರ್ ಕೊಡಬೇಡ ಲಿಲ್ಲಿ. ಸೈರನ್ ಇರುವುದನ್ನೇ ತೆಗೆದುಕೊ, ಇದ್ದದ್ದರಲ್ಲಿ ದೊಡ್ಡದನ್ನು. ಅದು ಕೂಗಿದಾಗ ಇಡೀ ಶಿರ್ವಕ್ಕೆ ಕೇಳಲಿ, ಗದ್ದೆಯ ಈಚೆ ನನಗೂ ಕೇಳಲಿ. ನಾನು ಬರುತ್ತೇನೆ. ಬಾಗಿಲು ತೆರೆಯುವುದು, ಬಿಡುವುದು ನಿನಗೆ ಬಿಟ್ಟದ್ದು.