ಉಪ್ಪಿನಕಾಯಿ ಭರಣಿಗೆ ಬಿದ್ದ ಜಾಮು

ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ಹೋದ ಬೇಸಿಗೆ ಮರಳವಾಡಿಯ ನಮ್ಮ ತೋಟದ ಮಾವಿನಹಣ್ಣಿನಲ್ಲಿ ಜಾಮು ಮಾಡಿದ್ದೆ. ಗಾಜಿನ ಬಾಟಲಿಗಳನ್ನು ಕುದಿಸಿ, ಬಿಸಿಬಿಸಿ ಜಾಮು ತುಂಬಿ, ಮುಚ್ಚಳ ಬಿಗಿದು, ಮತ್ತೆ ಕುದಿಯುವ ನೀರಿನಲ್ಲಿ ಮುಳುಗಿಸಿ, ಕೈ ಸುಟ್ಟುಕೊಂಡು ಎಂಟು ಬಾಟಲಿ ಸಾಲಾಗಿ ಜೋಡಿಸಿದ್ದೆ. ಯಾರೂ ಮುಚ್ಚಳ ತೆಗೆಯಬೇಡಿ ಎಂದು ಹೇಳಿಯೇ ತವರಿಗೆ ಹೋದೆ.

ತಿಂಗಳು ಬಿಟ್ಟು ಬಂದರೆ, ಎಂಟೂ ಬಾಟಲಿಗಳನ್ನು ತೊಳೆದು ಬೋರಲು ಹಾಕಿದ್ದಾರೆ! ಜಾಮೆಲ್ಲ ಅತ್ತೆಯ ಉಪ್ಪಿನಕಾಯಿ ಭರಣಿಯಲ್ಲಿ. ಬಾಯಿಗೆ ಬಟ್ಟೆ ಕಟ್ಟಿ, ಉಪ್ಪಿನಕಾಯಿಯ ಹಾಗೆಯೇ ಮೊದಲ ವಾರ ದಿನಾ ಬಿಚ್ಚಿ ಸೌಟಿನಲ್ಲಿ ತಿರುವಿದರಂತೆ. ನಾನು ಬಟ್ಟೆ ಬಿಚ್ಚಿದರೆ ಮೇಲೆಲ್ಲ ಹಸಿರು ಬೂಷ್ಟು.

"ಯಾಕತ್ತೆ ಮುಟ್ಟಿದ್ರಿ?" ಎಂದು ಕೂಗಿದೆ. ಬೀದಿಗೂ ಕೇಳಿಸಿರಬೇಕು.

"ಮೇಲಿಂದು ಒಸಿ ಕೆರ್ದು ತಗುದ್ರಾಯ್ತು ಕಣವ್ವ, ಒಳ್ಗೆ ಚೆನ್ನಾಗೈತೆ," ಎಂದು ಅತ್ತೆ ಸೌಟು ತಂದರು.

ಮೈಯೆಲ್ಲ ಉರಿದುಹೋಯಿತು. ಭರಣಿ ಎತ್ತಿಕೊಂಡು ಹೋಗಿ ಅಷ್ಟನ್ನೂ ತಿಪ್ಪೆಗೆ ಸುರಿದೆ. ಬೆನ್ನ ಹಿಂದೆಯೇ ಬಂದ ಅತ್ತೆ ತಿಪ್ಪೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಹೇಳಿದರು: "ನನ್ ಉಪ್ಪಿನ್‌ಕಾಯಿ ಒಂದಿನಾನೂ ಕೆಟ್ಟಿಲ್ಲ. ನೀನು ಉಪ್ಪೇ ಹಾಕಿಲ್ವಲ್ಲವ್ವ!"