ಹುಲ್ಲಿನೊಳಗಿನ ಲೋಟಗಳು

ನನ್ನ ಅಕ್ಕನನ್ನು ಬೀದಿಯವರೆಲ್ಲ ಹುಲ್ಲಕ್ಕ ಅನ್ನುತ್ತಿದ್ದರು. ಗಾಜಿನ ಸಾಮಾನಿನ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವಳ ಕೆಲಸ: ಮಾರಾಟವಾದ ಲೋಟ, ಜಾಡಿ, ಹೂದಾನಿಗಳನ್ನು ಒಣಹುಲ್ಲಿನಲ್ಲಿ ಸುತ್ತಿ ಪೆಟ್ಟಿಗೆ ತುಂಬುವುದು. ಸಂಜೆ ಮನೆಗೆ ಬಂದರೆ ಜಡೆಯಲ್ಲಿ ಹುಲ್ಲು, ಕುತ್ತಿಗೆಯಲ್ಲಿ ಹುಲ್ಲು, ಕೊನೆಗೆ ಊಟದ ತಟ್ಟೆಯಲ್ಲೂ ಹುಲ್ಲು. "ನಿನ್ ಪಕ್ಕ ಮಲಗೋದೂ ಒಂದೇ, ಕೊಟ್ಟಿಗೇಲಿ ಮಲಗೋದೂ ಒಂದೇ" ಎಂದು ನಾನು ರೇಗಿಸುತ್ತಿದ್ದೆ. ಅವಳಿಗೆ ಸಿಟ್ಟೇ ಬರುತ್ತಿರಲಿಲ್ಲ. ಅದಕ್ಕೇ ನನಗೆ ಸಿಟ್ಟು ಬರುತ್ತಿತ್ತು.

ಆ ಅಂಗಡಿಯಲ್ಲೊಂದು ರೂಢಿ. ಯಾರಾದರೂ ಕೆಲಸ ಬಿಟ್ಟು ಹೋಗುವಾಗ ಮಾಲೀಕರು ನೀಲಿ ಅಂಚಿನ ಆರು ಲೋಟ ಕೊಟ್ಟು ಕಳಿಸುತ್ತಾರೆ. ಅವು ಮಾರಾಟಕ್ಕಿಲ್ಲ. ಅಲ್ಲೇ ದುಡಿದು ಮುದುಕರಾದ ಎದುರುಮನೆಯ ತಾತ ಕಪಾಟಿನಲ್ಲಿ ಅವನ್ನು ಸಾಲಾಗಿ ಇಟ್ಟು, "ನೋಡಮ್ಮ, ನನ್ ಪಿಂಚಣಿ" ಎಂದು ಬಂದವರಿಗೆಲ್ಲ ತೋರಿಸುತ್ತಾರೆ.

ಪೆಟ್ಟಿಗೆ ತುಂಬಿದ ಮೇಲೆ ಅಕ್ಕ ಅದನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲುಗಾಡಿಸುವಳು. ಸದ್ದು ಬಂತೋ, ಎಲ್ಲ ಬಿಚ್ಚಿ ಮತ್ತೆ ಮೊದಲಿಂದ. ಅವಳ ಮಾತೂ ಹಾಗೆಯೇ. ಒಳಗಿನದು ಹೊರಗೆ ಕೇಳಿಸಬಾರದು. ಮದುವೆಯಾದ ವರ್ಷವೇ ಭಾವ ಹಡಗು ರಿಪೇರಿ ಕೆಲಸಕ್ಕೆಂದು ಸಮುದ್ರದಾಚೆ ಹೋದರು. ರಜೆಗೆ ಬಂದುಹೋದದ್ದು ಎರಡೇ ಸಲ. ಅಕ್ಕ ನಮ್ಮೊಂದಿಗೇ ಉಳಿದಳು. ಅಮ್ಮನಿಗೆ ಲಕ್ವ ಹೊಡೆದು ಎಡಗೈ ಸ್ವಾಧೀನ ತಪ್ಪಿ, ಎಡಗಾಲನ್ನು ಎಳೆದು ನಡೆಯುವಂತಾದ ಮೇಲಂತೂ ಸ್ನಾನ ಮಾಡಿಸುವುದು, ತಲೆ ಬಾಚುವುದು, ಮಲಗುವ ಮುಂಚೆ ಕಾಲಿಗೆ ಎಣ್ಣೆ ತಿಕ್ಕುವುದು ಎಲ್ಲ ಅವಳದೇ ಆಯಿತು. "ಗಂಡನ ನೆನಪಾಗಲ್ವೇನೇ?" ಎಂದು ಯಾರಾದರೂ ಕೇಳಿದರೆ, "ಒಲೆ ಮೇಲೆ ಹಾಲಿದೆ" ಎಂದು ಒಳಗೆ ಹೋಗುವಳು. ಒಲೆ ಹಚ್ಚಿರುತ್ತಲೇ ಇರಲಿಲ್ಲ.

ಕಡೆಗೂ ಭಾವ ಟಿಕೆಟ್ ಕಳಿಸಿದರು. ಮೂರು ತಿಂಗಳ ಮಟ್ಟಿಗೆ ಅಂದಳು ಅಕ್ಕ. ಮಾಲೀಕರು ರಜ ಕೊಟ್ಟಿದ್ದಾರೆ ಅಂದಳು. ನನಗೆ ಬೇರೆ ಊರಿನ ಆಸ್ಪತ್ರೆಯಲ್ಲಿ ನರ್ಸಿಂಗ್ ತರಬೇತಿಗೆ ಸೀಟು ಸಿಕ್ಕಿತ್ತು. ಅಮ್ಮನ ಜೊತೆ ಒಬ್ಬರು ಇರಲೇಬೇಕಲ್ಲ. ಅಕ್ಕ ಹಿಂದಿರುಗಿದ ಕೂಡಲೇ ನಾನು ಹೊರಡುವುದೆಂದು ಮಾತಾಗಿತ್ತು. ಹಾಸ್ಟೆಲಿಗೆಂದು ಒಂದು ಬಕೆಟ್ಟನ್ನೂ ಕೊಂಡು ಮಂಚದ ಕೆಳಗಿಟ್ಟಿದ್ದೆ.

ಸೂಟ್‌ಕೇಸ್ ತುಂಬುವಾಗ ಅವಳು ನನ್ನನ್ನು ಹತ್ತಿರ ಸೇರಿಸಲಿಲ್ಲ. ಬಾಗಿಲು ಹಾಕಿಕೊಂಡು ಒಬ್ಬಳೇ ತುಂಬಿದಳು. ಎತ್ತಲು ಹೋದರೆ ಜಿಪ್ ಪಟಾರೆಂದು ಬಿಟ್ಟುಕೊಂಡಿತು. ಅಂಗಡಿಯಲ್ಲಿ ಹಾಕುವ ಗಂಟು ಹಾಕಿ ಹುರಿಯಿಂದ ಬಿಗಿದಳು.

"ಮೂರು ತಿಂಗಳಿಗೆ ಇಷ್ಟೊಂದಾ?" ಎಂದೆ.

"ಎಲ್ಲಾ ಅವರ ಬಟ್ಟೆ ಕಣೇ."

ಡಿಕ್ಕಿಗೆ ಎತ್ತಿಡುವಾಗ ಟ್ಯಾಕ್ಸಿಯವನು, "ಒಳಗೆ ಯಾರನ್ನಾದ್ರೂ ಕೂರಿಸಿದೀರಾಮ್ಮಾ?" ಎಂದು ಕೇಳಿದ. ನಾನು, ಅಮ್ಮ ನಕ್ಕೆವು. ಅಕ್ಕ ನಗಲಿಲ್ಲ.

ವಿಮಾನ ನಿಲ್ದಾಣದಲ್ಲಿ ಬೀಳ್ಕೊಡುವವರ ಚೀಟಿ ಕೊಂಡು ಕೌಂಟರಿನ ತನಕ ಮೂವರೂ ಹೋದೆವು. ಜಿಪ್ ಬಿಟ್ಟ ಜಾಗದಿಂದ ನಾಲ್ಕೆಳೆ ಹುಲ್ಲು ಇಣುಕುತ್ತಿತ್ತು. ಕೌಂಟರಿನ ಹುಡುಗಿ ಅದನ್ನು ಎರಡು ಬೆರಳಲ್ಲಿ ಹಿಡಿದೆಳೆದಳು.

"ಇದೇನ್ ಮೇಡಂ?"

"ಹುಲ್ಲು" ಎಂದಳು ಅಕ್ಕ, ಹುಲ್ಲಿಲ್ಲದೆ ಯಾರಾದರೂ ಊರು ಬಿಡುತ್ತಾರೆಯೇ ಎನ್ನುವ ಹಾಗೆ.

"ಹುಲ್ಲು ತಗೊಂಡು ಹೋಗೋ ಹಾಗಿಲ್ಲ. ಅಲ್ಲಿ ಇಳಿದಾಗ ಬ್ಯಾಗನ್ನೇ ಹಿಡಿದಿಟ್ಕೋತಾರೆ. ಆ ಕಡೆ ಕೂತು ಪೂರ್ತಿ ತೆಗೆದುಬಿಡಿ."

ಅಕ್ಕ ಎರಡೂ ಕೈಯಿಂದ ಹುರಿಯನ್ನು ಹಿಡಿದುಕೊಂಡಳು. "ಹಾಗಾದ್ರೆ ಬ್ಯಾಗೇ ಬೇಡ ಬಿಡಿ. ಹಾಗೇ ಹೋಗ್ತೀನಿ" ಎಂದಳು.

"ತಲೆ ಕೆಟ್ಟಿದ್ಯಾ ನಿಂಗೆ?" ಎಂದು ನಾನೇ ಸೂಟ್‌ಕೇಸನ್ನು ಪಕ್ಕಕ್ಕೆಳೆದು ಹುರಿ ಬಿಚ್ಚಿದೆ. ಅವಳು ನನ್ನ ಕೈ ಹಿಡಿದಳು, ಕೊಡವಿದೆ. ಭಾವನ ಅಂಗಿಗಳ ನಡುವೆ ಹುಲ್ಲಿನ ಉಂಡೆಗಳು. ಒಂದನ್ನು ಬಿಡಿಸಿದೆ. ನೀಲಿ ಅಂಚಿನ ಲೋಟ.

ಉಳಿದವನ್ನು ಬಿಡಿಸುವ ಅಗತ್ಯವೇ ಇರಲಿಲ್ಲ. ಕುರ್ಚಿಯಲ್ಲಿ ಕೂತಿದ್ದ ಅಮ್ಮನೂ ನೋಡಿದಳು.

"ನೀನು ರಜ ಅಂದಿದ್ದೆ" ಎಂದೆ.

"ನಿಜ ಹೇಳಿದ್ರೆ ಹೊರಡೋಕೆ ಬಿಡ್ತಿದ್ರಾ? ಅಲ್ಲೇ ಮನೆ ಮಾಡಿದಾರಂತೆ. ನಂಗೂ ಸಂಸಾರ ಮಾಡೋ ಆಸೆ ಇರಲ್ವಾ?"

"ನಂಗೆ?"

ಅವಳು ಬಿದ್ದ ಹುಲ್ಲೆಳೆಗಳನ್ನು ಒಂದೊಂದಾಗಿ ಆರಿಸತೊಡಗಿದಳು. ಆ ಕ್ಷಣ ನಾನು ಅವಳನ್ನು ದ್ವೇಷಿಸಿದೆ, ಅದರಲ್ಲಿ ಮುಚ್ಚುಮರೆ ಏನೂ ಇಲ್ಲ. ಕೈಯಲ್ಲಿದ್ದ ಲೋಟವನ್ನು ಅಲ್ಲೇ ನೆಲಕ್ಕೆ ಕುಕ್ಕಬೇಕೆನಿಸಿತು.

ಅಮ್ಮ ಹೊದ್ದಿದ್ದ ಶಾಲನ್ನು ಬಲಗೈಯಿಂದಲೇ ತೆಗೆದಳು. ನನ್ನ ಕೈಯಿಂದ ಲೋಟ ತೆಗೆದುಕೊಂಡು, ಮಡಿಲಲ್ಲಿಟ್ಟು, ಒಂದೇ ಕೈಯಲ್ಲಿ ಸುತ್ತಲು ನೋಡಿದಳು. ಅದು ಜಾರಿತು. ಅಕ್ಕ ತಟ್ಟನೆ ಹಿಡಿದುಕೊಂಡಳು.

"ಹಾಗಲ್ಲಮ್ಮ. ಮೊದ್ಲು ಒಳಗೆ ಏನಾದ್ರೂ ತುಂಬಬೇಕು" ಎಂದವಳು ಅಮ್ಮನ ಮಡಿಲಲ್ಲಿ ಮುಖವಿಟ್ಟು ಬಿಕ್ಕಿದಳು. ಅವಳು ಅತ್ತದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಲೋಟಗಳೊಳಗೆ ಭಾವನ ಕಾಲುಚೀಲ ತುರುಕಿ, ಮೇಲೆ ಅಮ್ಮನ ಶಾಲು ಸುತ್ತಿ ಇಟ್ಟದ್ದಾಯಿತು. ಹುರಿ ನಾನೇ ಬಿಗಿದೆ. ನನ್ನ ಗಂಟು ಸಡಿಲ. ಬೇರೆ ದಿನವಾಗಿದ್ದರೆ ಬಿಚ್ಚಿ ತಾನೇ ಹಾಕುತ್ತಿದ್ದಳು. ಅಂದು ಅಲುಗಾಡಿಸಿಯೂ ನೋಡದೆ ಎತ್ತಿಕೊಂಡು ಹೋದಳು. "ಇಳಿದ ತಕ್ಷಣ ಫೋನ್ ಮಾಡು" ಎಂದಳು ಅಮ್ಮ. ನಾನು ಹುಲ್ಲನ್ನು ಚೀಲಕ್ಕೆ ತುಂಬುತ್ತಿದ್ದೆ.

ನಿಲ್ದಾಣದವರು ಅಲ್ಲಿ ಎಸೆಯಲು ಬಿಡದ್ದರಿಂದ ಆ ಹುಲ್ಲೆಲ್ಲ ಚೀಲದಲ್ಲಿ ನಮ್ಮೊಂದಿಗೇ ಮನೆಗೆ ಬಂತು. ಎಲ್ಲಿ ಹಾಕುವುದೆಂದು ತೋಚದೆ ಮಂಚದ ಕೆಳಗಿನ ಬಕೆಟ್ಟನ್ನು ಎಳೆದು ಅದಕ್ಕೇ ಸುರಿದೆ. ಅಮ್ಮ ಮಂಚದ ಮೇಲಿಂದ ನೋಡುತ್ತಲೇ ಇದ್ದಳು.

"ನೀನೂ ಹೋಗು ಅಂತ ಹೇಳ್ಬೇಕು ನಾನು" ಎಂದಳು. "ಬಾಯೇ ಬರ್ತಿಲ್ಲ ಕಣೇ."

ನಾನು ಎಣ್ಣೆ ಬಾಟಲಿ ತಂದು ಅವಳ ಎಡಗಾಲನ್ನು ತೊಡೆಯ ಮೇಲಿಟ್ಟುಕೊಂಡೆ. ತಿಕ್ಕುವಾಗ ಕೈ ಜೋರಾಯಿತು. ನೋಯುತ್ತೆ ಅಂತ ಅವಳು ಒಂದು ಸಲವೂ ಅನ್ನಲಿಲ್ಲ.